ಅಡ್ಡಗೋಡೆಯ ಮೇಲಿನ ದೀಪ: ನೀಮನ್ ಪ್ರಕರಣ ಮತ್ತು ಕಳ್ಳಾಟಗಾರರ ಹೆಸರು ಬಯಲು ಮಾಡುವ ಪ್ರಶ್ನೆ

2022ರ ಸೆಪ್ಟೆಂಬರ್ 4ರಂದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆಯುತ್ತಿದ್ದ ಸಿಂಕ್‌ಫೀಲ್ಡ್ ಕಪ್ ಚೆಸ್ ಟೂರ್ನಿಯ ಮೂರನೆಯ ಸುತ್ತಿನಲ್ಲಿ, ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಬಿಳಿ ಕಾಯಿಗಳಲ್ಲಿ ಆಡಿಯೂ 19 ವರ್ಷದ ಹ್ಯಾನ್ಸ್ ನೀಮನ್ ಅವರಿಗೆ ಸೋತರು. ದೀರ್ಘಾವಧಿಯ ಆಟಗಳಲ್ಲಿ ಸತತ 53 ಪಂದ್ಯಗಳಿಂದ ಸೋಲು ಕಾಣದಿದ್ದ ಕಾರ್ಲ್‌ಸನ್ ಅವರ ಓಟ ಅಲ್ಲಿಗೆ ನಿಂತಿತು. ಗೆದ್ದವರು ಆ ಟೂರ್ನಿಯಲ್ಲಿದ್ದವರ ಪೈಕಿ ಅತಿ ಕಡಿಮೆ ರೇಟಿಂಗಿನ ಆಟಗಾರರಾಗಿದ್ದರು; ಬೇರೊಬ್ಬರು ಬರಲಾಗದ ಕಾರಣ ಕೊನೆಯ ಗಳಿಗೆಯಲ್ಲಿ ಸೇರಿಸಿಕೊಂಡವರು.

ಮರುದಿನ ಕಾರ್ಲ್‌ಸನ್ ಟೂರ್ನಿಯಿಂದ ಹಿಂದೆ ಸರಿದರು. ಕಾರಣವನ್ನು ಅವರು ಹೇಳಲಿಲ್ಲ. ಟ್ವಿಟರ್‌ನಲ್ಲಿ ಎರಡು ಸಾಲಿನ ವಿದಾಯ ಬರೆದು, ಅದರ ಕೆಳಗೆ ಫುಟ್‌ಬಾಲ್ ತರಬೇತುದಾರ ಜೋಸೆ ಮೌರಿನ್ಯೊ ಅವರ ಒಂದು ಹಳೆಯ ತುಣುಕನ್ನು ಅಂಟಿಸಿದರು. ತಾನು ಬಾಯಿ ಬಿಟ್ಟರೆ ದೊಡ್ಡ ತೊಂದರೆಗೆ ಸಿಲುಕುತ್ತೇನೆ ಎಂದು ಆ ತುಣುಕಿನಲ್ಲಿ ಮೌರಿನ್ಯೊ ಹೇಳುತ್ತಾರೆ. ಮುಂದಿನ ಸುತ್ತಿನ ನೇರ ಪ್ರಸಾರವನ್ನು 15 ನಿಮಿಷ ತಡಮಾಡಲಾಯಿತು, ಆಟಗಾರರ ತಪಾಸಣೆ ಬಿಗಿಯಾಯಿತು. ನೀಮನ್ ಎಂಬ ಹೆಸರಾಗಲಿ, ಮೋಸ ಎಂಬ ಪದವಾಗಲಿ ಎಲ್ಲಿಯೂ ಬಂದಿರಲಿಲ್ಲ. ಆದರೂ ಸಂಜೆಯ ಹೊತ್ತಿಗೆ ಜಗತ್ತಿನ ಚೆಸ್ ಬಲ್ಲವರೆಲ್ಲ ಆ ಹೆಸರನ್ನೂ ಆ ಪದವನ್ನೂ ಒಟ್ಟಿಗೆ ಉಚ್ಚರಿಸುತ್ತಿದ್ದರು.

ಪ್ರಕರಣದ ಕಾಲಾನುಕ್ರಮವನ್ನು ಇಲ್ಲಿ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ವಾದವಿರುವುದು ಅದರ ನಂತರ. ಸೆಪ್ಟೆಂಬರ್ 6ರಂದು ಸಂದರ್ಶನವೊಂದರಲ್ಲಿ ನೀಮನ್, ತಾನು 12 ಮತ್ತು 16ನೆಯ ವಯಸ್ಸಿನಲ್ಲಿ ಆನ್‌ಲೈನ್ ಆಟಗಳಲ್ಲಿ ಕಂಪ್ಯೂಟರ್ ನೆರವು ಪಡೆದದ್ದು ನಿಜವೆಂದೂ, ಎದುರುಬದುರು ಕುಳಿತು ಬೋರ್ಡಿನ ಮೇಲೆ ಆಡಿದ ಯಾವ ಪಂದ್ಯದಲ್ಲಿಯೂ ಮೋಸ ಮಾಡಿಲ್ಲವೆಂದೂ ಹೇಳಿದರು. ಅಷ್ಟರಲ್ಲಿ ಚೆಸ್.ಕಾಮ್ ತಾಣವು ಅವರ ಖಾತೆಯನ್ನು ಮುಚ್ಚಿ, ತನ್ನ ದೊಡ್ಡ ಟೂರ್ನಿಯೊಂದಕ್ಕೆ ಕೊಟ್ಟಿದ್ದ ಆಹ್ವಾನವನ್ನು ಹಿಂತೆಗೆದುಕೊಂಡಿತ್ತು. ಸೆಪ್ಟೆಂಬರ್ 8ರಂದು ಅದೇ ಸಂಸ್ಥೆ, ನೀಮನ್ ಒಪ್ಪಿಕೊಂಡದ್ದಕ್ಕಿಂತ ಅವರ ಮೋಸದ ಪ್ರಮಾಣವೂ ಗಾಂಭೀರ್ಯವೂ ಹೆಚ್ಚಿನದೆಂದು ಬಹಿರಂಗ ಹೇಳಿಕೆ ನೀಡಿತು. ಸೆಪ್ಟೆಂಬರ್ 19ರಂದು ಆನ್‌ಲೈನ್ ಪಂದ್ಯವೊಂದರಲ್ಲಿ ನೀಮನ್ ಎದುರು ಬಂದಾಗ ಕಾರ್ಲ್‌ಸನ್ ಒಂದೇ ನಡೆ ನಡೆಸಿ ಆಟ ಬಿಟ್ಟುಕೊಟ್ಟರು. ನೀಮನ್ ತಾವು ಒಪ್ಪಿಕೊಂಡದ್ದಕ್ಕಿಂತ ಹೆಚ್ಚು ಸಲ, ಅದೂ ತೀರಾ ಈಚೆಗೆ, ಮೋಸ ಮಾಡಿದ್ದಾರೆಂದು ತಾನು ನಂಬಿರುವುದಾಗಿ ಕಾರ್ಲ್‌ಸನ್ ನೇರವಾಗಿ ಬರೆದದ್ದು ಸೆಪ್ಟೆಂಬರ್ 26ರಂದು, ಅಂದರೆ ಆ ತುಣುಕು ಹಂಚಿಕೊಂಡ ಮೂರು ವಾರಗಳ ಮೇಲೆ. ಅಕ್ಟೋಬರ್ 4ರಂದು ಚೆಸ್.ಕಾಮ್ 72 ಪುಟಗಳ ವರದಿ ಹೊರತಂದಿತು. ನೀಮನ್ 100ಕ್ಕೂ ಹೆಚ್ಚು ಆನ್‌ಲೈನ್ ಆಟಗಳಲ್ಲಿ, ಅವುಗಳಲ್ಲಿ ಕೆಲವು ಬಹುಮಾನದ ಹಣವಿದ್ದವುಗಳಲ್ಲಿ, ಮೋಸ ಮಾಡಿರುವ ಸಾಧ್ಯತೆಯಿದೆ ಎಂಬುದು ಅದರ ನಿರ್ಣಯ. ಅಕ್ಟೋಬರ್ 20ರಂದು ನೀಮನ್ ಕನಿಷ್ಠ 10 ಕೋಟಿ ಡಾಲರ್ ಪರಿಹಾರ ಕೋರಿ ಕಾರ್ಲ್‌ಸನ್, ಚೆಸ್.ಕಾಮ್ ಮೊದಲಾದವರ ವಿರುದ್ಧ ಮಿಸೌರಿಯ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. 2023ರ ಜೂನ್‌ನಲ್ಲಿ ಆ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು, ಆಗಸ್ಟ್ 28ರಂದು ಎರಡೂ ಕಡೆಯವರು ರಾಜಿಯಾದರು, ನೀಮನ್ ಅವರ ಖಾತೆ ಮತ್ತೆ ತೆರೆಯಿತು.

ಮೂರು ಬಗೆಯ ಬಯಲು

ಈ ಪ್ರಕರಣದ ಬಗ್ಗೆ ನಡೆದ ಬಹುಪಾಲು ಚರ್ಚೆ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯಿತು: ಆತ ಮೋಸ ಮಾಡಿದ್ದನೇ ಇಲ್ಲವೇ? ಆದರೆ ಹೆಸರು ಬಯಲು ಮಾಡುವುದು ನ್ಯಾಯವೇ ಎಂಬ ಪ್ರಶ್ನೆಗೆ ಆ ಉತ್ತರ ಸಾಲುವುದಿಲ್ಲ. ಆನ್‌ಲೈನ್‌ನಲ್ಲಿ ಮೋಸ ಮಾಡಿದ್ದನ್ನು ನೀಮನ್ ತಾವೇ ಒಪ್ಪಿಕೊಂಡಿದ್ದಾರೆ; ಹಾಗಿದ್ದೂ ಅವರನ್ನು ನಡೆಸಿಕೊಂಡ ರೀತಿ ಅನ್ಯಾಯವಾಗಿದ್ದಿರಬಹುದು. ತಪ್ಪು ಮಾಡಿದವನಿಗೆ ಅನ್ಯಾಯವಾಗಲಾರದು ಎಂಬ ನಂಬಿಕೆಯೇ ಬಹಿರಂಗ ಛೀಮಾರಿಯ ಮೂಲ ಬಂಡವಾಳ. ಇಲ್ಲಿ ಒಂದೇ ವ್ಯಕ್ತಿಯ ಹೆಸರನ್ನು ಮೂರು ಕೈಗಳು ಮೂರು ಬಗೆಯಲ್ಲಿ ಬಯಲಿಗೆ ತಂದವು: ಆಟಗಾರನ ಸುಳಿವು, ಸಂಸ್ಥೆಯ ವರದಿ, ಗುಂಪಿನ ಗೇಲಿ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಸುಳಿವು

ಕಾರ್ಲ್‌ಸನ್ ಅವರ ಟ್ವೀಟ್ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಬೆಳಕು ಎರಡೂ ಕಡೆಗೆ ಬೀಳುತ್ತದೆ, ಇಟ್ಟವರು ಮಾತ್ರ ಯಾವ ಕಡೆಯೂ ಸಿಗುವುದಿಲ್ಲ. ಆರೋಪಕ್ಕೆ ಒಂದು ಆಕಾರವಿದ್ದಿದ್ದರೆ, ಇಂಥ ಪಂದ್ಯದಲ್ಲಿ ಇಂಥ ನಡೆಗೆ ಇಂಥ ಸಾಧನದ ನೆರವು ಸಿಕ್ಕಿದೆ ಎಂದು ಯಾರಾದರೂ ಹೇಳಿದ್ದರೆ, ಆರೋಪಿಯು ಆ ನಡೆಯನ್ನು ವಿವರಿಸಬಹುದಿತ್ತು, ಪರಿಣತರು ಎಂಜಿನ್‌ನೊಂದಿಗೆ, ಅಂದರೆ ಚೆಸ್ ಆಡುವ ಕಂಪ್ಯೂಟರ್ ತಂತ್ರಾಂಶದೊಂದಿಗೆ, ಹೋಲಿಸಿ ನೋಡಬಹುದಿತ್ತು, ಆರೋಪ ಸುಳ್ಳಾದರೆ ಹೊರಿಸಿದವರು ಹೊಣೆ ಹೊರಬೇಕಾಗುತ್ತಿತ್ತು. ಸುಳಿವಿಗೆ ಇದಾವುದೂ ಅನ್ವಯಿಸದು. ಅದನ್ನು ಅಲ್ಲಗಳೆಯಲು ಹೊರಟ ನೀಮನ್ ಏನನ್ನು ಅಲ್ಲಗಳೆಯಬೇಕೆಂದು ತಿಳಿಯದೆ, ತಮ್ಮ ಬಾಲ್ಯದ ಮೋಸಗಳನ್ನು ತಾವೇ ಹೇಳಿಕೊಳ್ಳುವಂತಾಯಿತು. ಆ ತಪ್ಪೊಪ್ಪಿಗೆಯೇ ಮರುಕ್ಷಣ ಅವರ ವಿರುದ್ಧದ ಸಾಕ್ಷ್ಯವಾಯಿತು. ಆಡಿದ ಮಾತಿಗೆ ಉತ್ತರ ಕೊಡಬಹುದು, ಆಡದೆ ಬಿಟ್ಟ ಮಾತಿಗೆ ಎಲ್ಲಿಂದ ಉತ್ತರ ತರುವುದು?

ಕಾರ್ಲ್‌ಸನ್ ಅವರ ಪರವಾಗಿಯೂ ಹೇಳಬೇಕಾದದ್ದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವವರು ಆಟದ ಒಳಗನ್ನು ಬಲ್ಲವರಲ್ಲ. ಚೆಸ್‌ನಲ್ಲಿ ಎದುರಾಳಿಯ ಬಗ್ಗೆ ಹುಟ್ಟಿದ ಅನುಮಾನವೇ ಒಂದು ಹೊರೆ. ಅವನು ಇಟ್ಟ ಪ್ರತಿ ಒಳ್ಳೆಯ ನಡೆಯ ಹಿಂದೆಯೂ ಯಂತ್ರವಿರಬಹುದೆಂಬ ಹುಳ ತಲೆ ಹೊಕ್ಕರೆ ಆಟಗಾರ ಅರ್ಧ ಸೋತಂತೆಯೇ. ಮೊಬೈಲಿನಲ್ಲಿ ಓಡುವ ಎಂಜಿನ್ ಕೂಡ ಇಂದು ವಿಶ್ವ ಚಾಂಪಿಯನ್ನನನ್ನು ಮೀರಿಸುತ್ತದೆ, ಮತ್ತು ಆ ಮಟ್ಟದ ಆಟಗಾರನಿಗೆ ಇಡೀ ಆಟದಲ್ಲಿ ಒಂದೆರಡು ಗಳಿಗೆಯ ಸಂಜ್ಞೆ ಸಿಕ್ಕರೆ ಸಾಕು, ಎಲ್ಲ ನಡೆಗಳೂ ಬೇಕಿಲ್ಲ. ಅಂಥ ಮೋಸವನ್ನು ಸೋತವನು ಸಾಬೀತುಪಡಿಸುವುದು ಬಹುಮಟ್ಟಿಗೆ ಅಸಾಧ್ಯ. ಆದರೂ ದೂರು ಕೊಡುವ ದಾರಿಗಳಿದ್ದವು: ಟೂರ್ನಿಯ ತೀರ್ಪುಗಾರರು ಅಲ್ಲಿಯೇ ಇದ್ದರು, ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆಗೆ ಇಂಥ ದೂರುಗಳಿಗೆಂದೇ ಒಂದು ಆಯೋಗವಿತ್ತು. ಸೆಪ್ಟೆಂಬರ್ 10ರಂದು ಮುಖ್ಯ ತೀರ್ಪುಗಾರರು ಯಾವ ಆಟಗಾರನೂ ಅಕ್ರಮವಾಗಿ ಆಡಿದ್ದಕ್ಕೆ ಸೂಚನೆಯಿಲ್ಲವೆಂದು ಲಿಖಿತವಾಗಿ ತಿಳಿಸಿದರು. ಆ ಹಾಳೆಯನ್ನು ಓದಿದವರೆಷ್ಟು, ಮೌರಿನ್ಯೊ ತುಣುಕನ್ನು ನೋಡಿದವರೆಷ್ಟು!

2023ರ ಡಿಸೆಂಬರ್‌ನಲ್ಲಿ ಫಿಡೆಯ ನೀತಿ ಮತ್ತು ಶಿಸ್ತು ಆಯೋಗ ನೀಡಿದ ತೀರ್ಪು ನನ್ನ ವಾದಕ್ಕೆ ಪೂರ್ತಿ ಒದಗಿ ಬರುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಸಕಾರಣವಿಲ್ಲದೆ ಟೂರ್ನಿ ಬಿಟ್ಟದ್ದಕ್ಕಾಗಿ ಕಾರ್ಲ್‌ಸನ್ ಅವರಿಗೆ ಆಯೋಗವು 10,000 ಯೂರೋ ದಂಡ ವಿಧಿಸಿತು. ಆದರೆ ಬುಡವಿಲ್ಲದ ಆರೋಪವನ್ನು ಬೇಜವಾಬ್ದಾರಿಯಿಂದ ಹೊರಿಸಿದರೆಂಬ ದೂರಿನಿಂದ ಅವರನ್ನು ಮುಕ್ತಗೊಳಿಸಿತು. ನೀಮನ್ ಅವರ ಹಳೆಯ ಆನ್‌ಲೈನ್ ಮೋಸಗಳು ನಿಜವಾಗಿದ್ದರಿಂದ ಅನುಮಾನಕ್ಕೆ ಏನೂ ಆಧಾರವಿರಲಿಲ್ಲ ಎನ್ನಲು ಬರುತ್ತಿರಲಿಲ್ಲ. ಆ ತೀರ್ಪನ್ನು ನಾನು ಗೌರವಿಸುತ್ತೇನೆ. ಆದರೆ ಅನುಮಾನ ಪಡಲು ಕಾರಣವಿತ್ತೇ ಎಂಬುದು ಒಂದು ಪ್ರಶ್ನೆ. ಆ ಅನುಮಾನವನ್ನು ಲಕ್ಷಾಂತರ ಜನರ ಮುಂದೆ, ಹೆಸರಿಸದೆ, ಉತ್ತರಕ್ಕೆ ಎಡೆಯಿಲ್ಲದಂತೆ ಹರಿಯಬಿಡಬಹುದೇ ಎಂಬುದು ಇನ್ನೊಂದು. ಆಯೋಗದ ನಿಯಮ ಮೊದಲನೆಯದನ್ನು ಅಳೆಯುತ್ತದೆ, ಎರಡನೆಯದಕ್ಕೆ ಅದರ ಬಳಿ ಅಳತೆಗೋಲಿಲ್ಲ.

ವರದಿ

ಚೆಸ್.ಕಾಮ್ ವರದಿ ಸುಳಿವಿಗಿಂತ ಎಷ್ಟೋ ಪ್ರಾಮಾಣಿಕವಾದ ದಾಖಲೆ. ಅದರಲ್ಲಿ ಆಟಗಳ ಪಟ್ಟಿಯಿದೆ, ದಿನಾಂಕಗಳಿವೆ, ನಡೆಗಳು ಎಂಜಿನ್‌ನ ಆಯ್ಕೆಯೊಂದಿಗೆ ಎಷ್ಟು ಹೊಂದುತ್ತವೆಂಬ ಲೆಕ್ಕವಿದೆ, ಆಟದ ನಡುವೆ ಆಟಗಾರ ಬೇರೆ ಪರದೆಗೆ ಹೋಗಿ ಬಂದ ಹೊತ್ತಿಗೂ ಅವನ ಆಟದ ಗುಣಮಟ್ಟಕ್ಕೂ ಇರುವ ನಂಟಿನ ವಿವರವಿದೆ. ತನಗೆ ತಿಳಿಯದ್ದನ್ನು ತಿಳಿಯದೆಂದು ಅದು ಒಪ್ಪಿಕೊಳ್ಳುತ್ತದೆ ಕೂಡ: ಸೆಪ್ಟೆಂಬರ್ 4ರ ಪಂದ್ಯದಲ್ಲಿ ಅಥವಾ ಬೋರ್ಡಿನ ಮೇಲಿನ ಬೇರಾವುದೇ ಆಟದಲ್ಲಿ ನೀಮನ್ ಮೋಸ ಮಾಡಿದ್ದಾರೆಂದು ಸಾಬೀತುಪಡಿಸುವ ನೇರ ಸಾಕ್ಷ್ಯ ತನ್ನಲ್ಲಿಲ್ಲ ಎಂದು ಅದು ಬರೆದಿದೆ. ಸಾಕ್ಷ್ಯ ಮುಂದಿಟ್ಟು ಹೆಸರು ಹೇಳಿದವರನ್ನು ಹೆಸರು ಹೇಳದೆ ಕಣ್ಣು ಮಿಟುಕಿಸಿದವರೊಡನೆ ಸೇರಿಸಿ ಬೈಯುವುದು ಸರಿಯಲ್ಲ.

ಆದರೂ ಪ್ರಕರಣದ ಅತಿ ತೊಡಕಿನ ಭಾಗ ಇರುವುದು ಈ ವರದಿಯಲ್ಲಿಯೇ, ಮತ್ತು ಅದು ವರದಿಯ ಒಳಗೆ ಬರೆದದ್ದರಲ್ಲಿ ಇಲ್ಲ, ಬರೆದ ಹೊತ್ತಿನಲ್ಲಿದೆ. ವರದಿಯು ಎಣಿಸುವ ಕಡೆಯ ಮೋಸಗಳು 2020ರ ಆಗಸ್ಟಿನವು. ಆ ವರ್ಷವೇ ಸಂಸ್ಥೆ ನೀಮನ್ ಅವರ ಖಾತೆಯನ್ನು ಸದ್ದಿಲ್ಲದೆ ಮುಚ್ಚಿತ್ತು, ಅವರು ಖಾಸಗಿಯಾಗಿ ತಪ್ಪೊಪ್ಪಿಕೊಂಡಿದ್ದರು, ಕೆಲ ಕಾಲದ ನಂತರ ಹಿಂತಿರುಗಿ ಆಡಲು ಅವಕಾಶವನ್ನೂ ಪಡೆದಿದ್ದರು. ಗ್ರ್ಯಾಂಡ್‌ಮಾಸ್ಟರ್‌ನಂಥ ಬಿರುದುಳ್ಳ ಆಟಗಾರರ ವಿಷಯದಲ್ಲಿ ಸಂಸ್ಥೆಯ ವಾಡಿಕೆಯೇ ಹಾಗಿತ್ತು: ಒಪ್ಪಿಕೋ, ಸ್ವಲ್ಪ ಕಾಲ ಹೊರಗಿರು, ಹೊರಗಿನವರಿಗೆ ತಿಳಿಯುವುದಿಲ್ಲ. ಎರಡು ವರ್ಷಗಳ ಮೇಲೆ, ಆ ಹಳೆಯ ಒಪ್ಪಂದದ ಬಳಿಕ ಹೊಸ ಆನ್‌ಲೈನ್ ಮೋಸವೊಂದನ್ನು ತೋರಿಸದೆ, ಅದೇ ಕಡತವನ್ನು ಸಂಸ್ಥೆ ಜಗತ್ತಿನ ಮುಂದೆ ಬಿಚ್ಚಿತು. ನೀಮನ್ ಸಂದರ್ಶನದಲ್ಲಿ ತಮ್ಮ ಮೋಸವನ್ನು ಕುಗ್ಗಿಸಿ ಹೇಳಿದ್ದರಿಂದ, ಸಂಸ್ಥೆಯ ಮೇಲೂ ಆಪಾದನೆ ಹೊರಿಸಿದ್ದರಿಂದ, ತಾನು ಮೌನವಾಗಿರಲಾಗಲಿಲ್ಲ ಎಂಬುದು ಸಂಸ್ಥೆಯ ಸಮರ್ಥನೆ. ಸುಳ್ಳನ್ನು ತಿದ್ದುವ ಹಕ್ಕು ಅದಕ್ಕಿತ್ತೆಂದು ನಾನೂ ಒಪ್ಪುತ್ತೇನೆ. ಆದರೆ ಒಂದು ಸುಳ್ಳನ್ನು ತಿದ್ದಲು ಎರಡು ಪುಟ ಸಾಕಿತ್ತು, 72 ಬೇಕಿರಲಿಲ್ಲ.

ಇಲ್ಲಿ ಹಿತಾಸಕ್ತಿಯ ಪ್ರಶ್ನೆಯನ್ನೂ ಬದಿಗಿಡಲಾಗದು. 2022ರ ಆಗಸ್ಟ್ 24ರಂದು, ಅಂದರೆ ಆ ಪಂದ್ಯಕ್ಕೆ ಹನ್ನೊಂದು ದಿನ ಮೊದಲು, ಚೆಸ್.ಕಾಮ್ ಸಂಸ್ಥೆಯು ಕಾರ್ಲ್‌ಸನ್ ಅವರ ಹೆಸರಿನಲ್ಲಿಯೇ ನಡೆಯುತ್ತಿದ್ದ ಚೆಸ್ ಕಂಪನಿ ಪ್ಲೇ ಮ್ಯಾಗ್ನಸ್ ಗ್ರೂಪನ್ನು ಕೊಳ್ಳುವ ಪ್ರಸ್ತಾಪವನ್ನು ಘೋಷಿಸಿತ್ತು. ತನ್ನ ನಿರ್ಧಾರದ ಮೇಲೆ ಕಾರ್ಲ್‌ಸನ್ ಪ್ರಭಾವ ಬೀರಿಲ್ಲವೆಂದು ಚೆಸ್.ಕಾಮ್ ಹೇಳಿದೆ, ಅದು ನಿಜವೇ ಇರಬಹುದು. ಆದರೆ ತನಿಖೆ, ಆರೋಪ, ತೀರ್ಪು, ಶಿಕ್ಷೆ, ಪ್ರಕಟಣೆ ಎಲ್ಲವನ್ನೂ ಒಂದೇ ಖಾಸಗಿ ಸಂಸ್ಥೆ ಮಾಡುವಾಗ, ಮತ್ತು ಆ ಸಂಸ್ಥೆಗೆ ದೂರುದಾರನೊಂದಿಗೆ ವ್ಯಾಪಾರದ ನಂಟಿರುವಾಗ, ನೋಡುವವರಿಗೆ ನಂಬಿಕೆ ಹುಟ್ಟುವಂತೆ ಮಾಡುವ ಹೊಣೆ ಸಂಸ್ಥೆಯದೇ. ಫಿಡೆಯ ತನಿಖೆಯು ಆಮೇಲೆ ಮೋಸದ ಆನ್‌ಲೈನ್ ಆಟಗಳ ಸಂಖ್ಯೆಯನ್ನು 32ರಿಂದ 55ರ ನಡುವೆ ಅಂದಾಜು ಮಾಡಿತು. 55 ಆಟಗಳ ಮೋಸವೂ ಸಣ್ಣ ವಿಷಯವಲ್ಲ. ಆದರೂ ‘100ಕ್ಕೂ ಹೆಚ್ಚು’ ಎಂಬ ಸಂಖ್ಯೆ ಮೊದಲ ದಿನವೇ ಪತ್ರಿಕೆಗಳ ತಲೆಬರಹದಲ್ಲಿ ಕೂತಿತು; ಹೊರಗಿನವರೊಬ್ಬರು ಎಣಿಸಿ ನೋಡುವವರೆಗೆ ಕಾಯುವ ತಾಳ್ಮೆಯಿದ್ದಿದ್ದರೆ ಆ ತಲೆಬರಹ ಬೇರೆಯಾಗುತ್ತಿತ್ತು.

ವಯಸ್ಸಿನ ಮಾತನ್ನು ಬಹಳ ಜನ ಎತ್ತಲಿಲ್ಲ, ನನಗೆ ಅದು ಮುಖ್ಯವೆನಿಸುತ್ತದೆ. ನೀಮನ್ ಹುಟ್ಟಿದ್ದು 2003ರ ಜೂನ್‌ನಲ್ಲಿ. ಅವರ ಮೇಲಿನ ಆನ್‌ಲೈನ್ ಆಪಾದನೆಗಳೆಲ್ಲ ಅವರಿಗೆ 18 ತುಂಬುವ ಮೊದಲಿನವು, ಮೊದಲನೆಯದು 12ನೆಯ ವಯಸ್ಸಿನದು. ಬಹುಮಾನದ ಹಣವಿದ್ದ ಪಂದ್ಯಗಳಲ್ಲಿ 17ರ ಹುಡುಗ ಮಾಡಿದ ಮೋಸದಿಂದ ನಿಜವಾದ ನಷ್ಟವಾದವರಿದ್ದಾರೆ, ಅದನ್ನು ಬಾಲಲೀಲೆ ಎನ್ನಲಾಗದು. ಆದರೆ 12ರ ಹುಡುಗ ಪರದೆ ಬದಲಿಸಿದ ಲೆಕ್ಕವನ್ನು ಅವನ 19ನೆಯ ವಯಸ್ಸಿನಲ್ಲಿ ಹೆಸರು ಸಮೇತ ಅಚ್ಚು ಹಾಕುವುದರಿಂದ ಯಾವ ಎದುರಾಳಿಗೆ ಯಾವ ರಕ್ಷಣೆ ಸಿಕ್ಕಿತು ಎಂಬುದಕ್ಕೆ ವರದಿಯಲ್ಲಿ ಉತ್ತರವಿಲ್ಲ.

ಇನ್ನೊಂದು ಸಂಗತಿ. ಚೆಸ್ ಲೋಕದಲ್ಲಿ ಸಿಕ್ಕಿಬಿದ್ದವರು ನೀಮನ್ ಒಬ್ಬರೇ ಅಲ್ಲ. ಹತ್ತಾರು ಗ್ರ್ಯಾಂಡ್‌ಮಾಸ್ಟರ್‌ಗಳು ಸಿಕ್ಕಿಬಿದ್ದಿದ್ದಾರೆಂದೂ, ತಪ್ಪೊಪ್ಪಿಕೊಂಡವರಲ್ಲಿ ವಿಶ್ವದ ಮೊದಲ 100 ಆಟಗಾರರ ಪೈಕಿ ನಾಲ್ವರಿದ್ದಾರೆಂದೂ ಅದೇ ಸಂಸ್ಥೆಯ ವರದಿಯಿಂದ ತಿಳಿದುಬಂತು. ಅವರ ಹೆಸರುಗಳನ್ನು ಪ್ರಕಟಿಸಲಿಲ್ಲ. ಅವರಿಗೂ ನೀಮನ್‌ಗೂ ಇದ್ದ ವ್ಯತ್ಯಾಸ ತಪ್ಪಿನ ತೂಕದಲ್ಲಿತ್ತೋ, ಅಥವಾ ನೀಮನ್ ಸೋಲಿಸಿದವರು ಯಾರೆಂಬುದರಲ್ಲಿತ್ತೋ? ಇದೇ ಗದ್ದಲದಲ್ಲಿ ನೀಮನ್ ಅವರ ಮಾರ್ಗದರ್ಶಕರೆಂದು ಕಾರ್ಲ್‌ಸನ್ ಹೆಸರಿಸಿದ ಹಿರಿಯ ಆಟಗಾರರೊಬ್ಬರ ಹಳೆಯ ತಪ್ಪೊಪ್ಪಿಗೆಯ ಇಮೇಲ್‌ಗಳೂ ಕೆಲವೇ ದಿನಗಳಲ್ಲಿ ಪತ್ರಕರ್ತರ ಕೈ ಸೇರಿದವು. ಅವರ ಹೆಸರನ್ನು ನಾನಿಲ್ಲಿ ಮತ್ತೆ ಬರೆಯುವುದಿಲ್ಲ, ಏಕೆಂದರೆ ಸೇಂಟ್ ಲೂಯಿಸ್‌ನ ಆ ಪಂದ್ಯಕ್ಕೂ ಅವರಿಗೂ ಯಾವ ಸಂಬಂಧವೂ ಕಂಡುಬಂದಿಲ್ಲ.

ಗುಂಪು

ಗುಂಪು ಮಾಡಿದ್ದರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ನೀಮನ್ ದೇಹದಲ್ಲಿ ಕಂಪಿಸುವ ಸಾಧನವೊಂದನ್ನು ಅಡಗಿಸಿಕೊಂಡು ಸಂಜ್ಞೆ ಪಡೆದರೆಂಬ ಪೋಲಿ ತಮಾಷೆ, ಯಾವ ಸಾಕ್ಷ್ಯವೂ ಇಲ್ಲದೆ, ಜಗತ್ತಿನ ಅತಿ ಶ್ರೀಮಂತರೊಬ್ಬರ ಟ್ವೀಟ್ ಸೇರಿ ಸುದ್ದಿಯಾಗಿ, ರಾತ್ರಿ ಕಾರ್ಯಕ್ರಮಗಳ ನಗೆಯಾಗಿ ಊರೂರು ಸುತ್ತಿತು. ಚೆಸ್ ಎಂದರೇನೆಂದು ಅರಿಯದವರೂ ಆ ಹುಡುಗನನ್ನು ಆ ಒಂದು ಮಾತಿನಿಂದಲೇ ಗುರುತಿಸುವಂತಾಯಿತು. ರಾಜಿ ಪತ್ರದಲ್ಲಿ ಕಾರ್ಲ್‌ಸನ್ ಸಹಿ ಹಾಕಬಹುದು, ಸಂಸ್ಥೆ ಸಹಿ ಹಾಕಬಹುದು. ಗುಂಪಿನ ಪರವಾಗಿ ಸಹಿ ಹಾಕುವವರು ಯಾರೂ ಇರುವುದಿಲ್ಲ.

ಇದರೊಂದಿಗೆ 2021ರ ಜೂನ್‌ನ ಒಂದು ಘಟನೆಯನ್ನು ಹೋಲಿಸಬಹುದು. ಕೋವಿಡ್ ಪರಿಹಾರಕ್ಕಾಗಿ ಏರ್ಪಟ್ಟ ಆನ್‌ಲೈನ್ ಪ್ರದರ್ಶನ ಪಂದ್ಯದಲ್ಲಿ ಉದ್ಯಮಿ ನಿಖಿಲ್ ಕಾಮತ್ ಅವರು ವಿಶ್ವನಾಥನ್ ಆನಂದ್ ಅವರನ್ನು ‘ಸೋಲಿಸಿ’ದರು, ಅನುಮಾನ ಎದ್ದ ಬೆನ್ನಿಗೆ, ಆಟ ಬಲ್ಲವರ ಮತ್ತು ಕಂಪ್ಯೂಟರ್‌ನ ನೆರವು ಪಡೆದಿದ್ದೆನೆಂದು ಕಾಮತ್ ತಾವೇ ಬರೆದರು, ಆನಂದ್ ತಾವು ಬೋರ್ಡಿನ ಮೇಲಿನ ಸ್ಥಿತಿಯನ್ನಷ್ಟೇ ಆಡಿದ್ದಾಗಿ, ಇತರರಿಂದಲೂ ಅದನ್ನೇ ನಿರೀಕ್ಷಿಸಿದ್ದಾಗಿ ಹೇಳಿ ಸುಮ್ಮನಾದರು. ಅಲ್ಲಿಯೂ ಗೇಲಿ ನಡೆಯಿತು, ಆದರೆ ಅಲ್ಲಿ ಊಹಿಸಲು ಏನೂ ಉಳಿದಿರಲಿಲ್ಲ. ಅಪರಾಧ ಯಾವುದು, ಎಷ್ಟು, ಯಾವಾಗ ಎಂಬುದು ಗೊತ್ತಿದ್ದುದರಿಂದ ಮಾತಿಗೆ ಒಂದು ಕೊನೆಯೂ ಸಿಕ್ಕಿತು.

ಬಚ್ಚಿಡುವುದೂ ಉತ್ತರವಲ್ಲ

ಹಾಗಾದರೆ ಹೆಸರನ್ನೇ ಹೇಳಬಾರದೇ? ನನ್ನ ಅಭಿಪ್ರಾಯ ಅದಲ್ಲ. 2020ರಲ್ಲಿ ಬಹುಮಾನದ ಪಂದ್ಯಗಳಲ್ಲಿ ನೀಮನ್ ಎದುರು ಸೋತವರನ್ನು ನೆನೆಯಿರಿ. ಎದುರಾಳಿಯ ಖಾತೆ ಏಕೆ ಮಾಯವಾಯಿತು, ಏಕೆ ಮರಳಿತು ಎಂಬುದನ್ನು ಅವರಿಗೆ ಹೇಳುವ ಕಟ್ಟಳೆಯೇ ಇರಲಿಲ್ಲ. ಮುಂದೆ ನೀಮನ್ ಅವರನ್ನು ಆಹ್ವಾನಿಸಿದ ಟೂರ್ನಿಯವರಿಗೂ ಆ ದಾಖಲೆ ಸಿಗುವಂತಿರಲಿಲ್ಲ. ರಹಸ್ಯ ಮಾಫಿಯ ಲಾಭ ಮೋಸ ಮಾಡಿದವನಿಗೆ ಮತ್ತು ತನ್ನ ತಾಣದ ಹೆಸರು ಕೆಡದಂತೆ ನೋಡಿಕೊಳ್ಳುವ ಸಂಸ್ಥೆಗೆ. ಅದರ ಬೆಲೆ ತೆರುವವರು ನೇರವಾಗಿ ಆಡಿದವರು. ಅದಕ್ಕಿಂತ ಕೆಟ್ಟದ್ದೆಂದರೆ, ದಾಖಲೆ ಇಲ್ಲದ ಕಡೆ ಗಾಳಿಮಾತು ಬೆಳೆಯುತ್ತದೆ. ನೀಮನ್ ಬಗ್ಗೆ ಆಟಗಾರರ ವಲಯದಲ್ಲಿ 2022ಕ್ಕೆ ಮೊದಲೇ ಪಿಸುಮಾತಿತ್ತು; ಕಾರ್ಲ್‌ಸನ್ ಅವರ ಟ್ವೀಟ್ ಅಷ್ಟು ಬೇಗ ಅರ್ಥವಾದದ್ದು ಆ ಪಿಸುಮಾತಿನಿಂದಲೇ. ಹೀಗೆ ನೋಡಿದರೆ 2020ರ ಸದ್ದಿಲ್ಲದ ಒಪ್ಪಂದವೂ 2022ರ ಅಬ್ಬರದ ಛೀಮಾರಿಯೂ ಪರಸ್ಪರ ವಿರುದ್ಧವಾದವಲ್ಲ, ಮೊದಲನೆಯದರ ಹೊಟ್ಟೆಯಲ್ಲಿ ಎರಡನೆಯದು ಹುಟ್ಟಿತು.

ಸುಳಿವಿನ ಆ ಭಾಷೆ ಆಮೇಲೆ ಚೆಸ್ ಲೋಕದಲ್ಲಿ ರೂಢಿಯೇ ಆಯಿತು. ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ 2023ರಿಂದೀಚೆಗೆ ಹಲವು ಆಟಗಾರರ ಆನ್‌ಲೈನ್ ಅಂಕಿಗಳನ್ನು ಮುಂದಿಟ್ಟು ಪ್ರಶ್ನೆಗಳನ್ನು ಎಸೆಯತೊಡಗಿದರು. ಹಾಗೆ ಅನುಮಾನಕ್ಕೊಳಗಾದವರಲ್ಲಿ ಒಬ್ಬರಾದ ಡೇನಿಯಲ್ ನರೋಡಿಟ್ಸ್ಕಿ 2025ರ ಅಕ್ಟೋಬರ್‌ನಲ್ಲಿ 29ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುಂದಿನ ತಿಂಗಳು ಫಿಡೆ ಕ್ರಾಮ್ನಿಕ್ ವಿರುದ್ಧ ತನ್ನ ನೀತಿ ಆಯೋಗಕ್ಕೆ ದೂರು ಸಲ್ಲಿಸಿತು. ಆ ಸಾವಿಗೆ ಇದೇ ಕಾರಣವೆಂದು ನಾನು ಸೂಚಿಸಿದರೆ, ನಾನೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಗುತ್ತದೆ. ಅದನ್ನು ಸೂಚಿಸುತ್ತಿಲ್ಲ.

ಬೇರೆ ಆಟಗಳು ಈ ವಿಷಯದಲ್ಲಿ ಕಂಡುಕೊಂಡ ದಾರಿ ಚೆಸ್‌ಗಿಂತ ಒರಟು, ಆದರೆ ಒಂದು ವಿಷಯದಲ್ಲಿ ಹೆಚ್ಚು ನ್ಯಾಯವಾದದ್ದು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ, ಅದನ್ನು ನಡೆಸುವ ವಾಲ್ವ್ ಸಂಸ್ಥೆಯ ಮೋಸ ತಡೆ ವ್ಯವಸ್ಥೆಯು ಸಿಕ್ಕಿಬಿದ್ದ ಖಾತೆಯ ಪುಟದ ಮೇಲೆಯೇ ಬ್ಯಾನ್ ಆಗಿದೆಯೆಂದೂ, ಆಗಿ ಎಷ್ಟು ದಿನವಾಯಿತೆಂದೂ ತೋರಿಸುತ್ತದೆ. ಭಾಷಣವಿಲ್ಲ, ಬೈಗುಳವಿಲ್ಲ; ಯಾರು ಬೇಕಾದರೂ ನೋಡಬಹುದು, ಆದರೆ ಯಾರನ್ನೂ ಕರೆದು ತೋರಿಸುವುದಿಲ್ಲ. 2010ರಲ್ಲಿ ಆ ವ್ಯವಸ್ಥೆ ತಪ್ಪಾಗಿ ಸುಮಾರು 12,000 ಆಟಗಾರರ ಮೇಲೆ ಬ್ಯಾನ್ ಹೇರಿತ್ತು. ತಪ್ಪು ತಿಳಿದ ಮೇಲೆ ವಾಲ್ವ್ ಅದನ್ನು ತೆಗೆದುಹಾಕಿ, ಕ್ಷಮೆ ಕೇಳಿ, ಅವರಿಗೆಲ್ಲ ಆಟವೊಂದನ್ನು ಉಚಿತವಾಗಿ ಕೊಟ್ಟಿತು. ಗುರುತು ಅಂಟಿದ್ದು ಖಾತೆಗೆ, ಮನುಷ್ಯನ ಮುಖಕ್ಕಲ್ಲ. ಹಾಗಾಗಿ ಅದನ್ನು ಅಳಿಸಲು ಬಂತು. ನೀಮನ್ ವಿಷಯದಲ್ಲಿ ಖಾತೆಯೂ ಮುಖವೂ ಒಂದೇ ಆಗಿದ್ದವು, ಏಕೆಂದರೆ ಬಿರುದುಳ್ಳ ಆಟಗಾರ ತನ್ನ ನಿಜನಾಮದಲ್ಲಿಯೇ ಆಡಿ ಜೀವನ ನಡೆಸುತ್ತಾನೆ. ಆದ್ದರಿಂದಲೇ ಅಂಥವರ ಬಗ್ಗೆ ಬರೆಯುವ ಪ್ರತಿ ಸಾಲೂ ಇನ್ನಷ್ಟು ಅಳೆದು ತೂಗಿ ಬರೆದದ್ದಾಗಿರಬೇಕು.

2023ರ ರಾಜಿಯ ಭಾಗವಾಗಿ ಕಾರ್ಲ್‌ಸನ್, ತಮ್ಮೆದುರಿನ ಪಂದ್ಯದಲ್ಲಿ ನೀಮನ್ ಮೋಸ ಮಾಡಿದ್ದಕ್ಕೆ ನಿರ್ಣಾಯಕ ಸಾಕ್ಷ್ಯವಿಲ್ಲವೆಂಬ ವರದಿಯ ಮಾತನ್ನು ತಾವು ಗಮನಿಸಿರುವುದಾಗಿ, ಜೋಡಿ ಬಿದ್ದರೆ ನೀಮನ್ ಜೊತೆ ಆಡಲು ಸಿದ್ಧರಿರುವುದಾಗಿ ಹೇಳಿದರು. ಮೌರಿನ್ಯೊ ತುಣುಕಿನಿಂದ ಈ ಸಾಲಿನವರೆಗೆ 357 ದಿನಗಳು ಕಳೆದಿದ್ದವು. ಚೆಸ್.ಕಾಮ್ ತನ್ನ ವರದಿಗೆ ತಾನು ಈಗಲೂ ಬದ್ಧವೆಂದಿತು.

2020ರಲ್ಲಿ ಆ ಸಂಸ್ಥೆ ಬರೆಯಬಹುದಾಗಿದ್ದ ಸಾಲುಗಳನ್ನು ನಾನು ಹಲವು ಸಲ ಮನಸ್ಸಿನಲ್ಲಿ ಬರೆದು ನೋಡಿದ್ದೇನೆ. ಈ ಖಾತೆಯಿಂದ ಇಂತಿಷ್ಟು ಆಟಗಳಲ್ಲಿ ನಿಯಮ ಉಲ್ಲಂಘನೆಯಾಗಿದೆ. ಖಾತೆದಾರರಿಗೆ ಸಾಕ್ಷ್ಯ ತೋರಿಸಿ ಉತ್ತರ ಕೇಳಲಾಗಿದೆ, ಅವರು ಒಪ್ಪಿಕೊಂಡಿದ್ದಾರೆ. ಇಂಥ ತಿಂಗಳವರೆಗೆ ಅವರು ಇಲ್ಲಿ ಆಡುವಂತಿಲ್ಲ. ಬಹುಮಾನದ ಹಣವನ್ನು ಮುಂದಿನ ಸ್ಥಾನದವರಿಗೆ ಹಂಚಲಾಗಿದೆ. ಅವಧಿ ಮುಗಿದ ಇಂತಿಷ್ಟು ಕಾಲದ ನಂತರ ಈ ಸೂಚನೆಯನ್ನು ತೆಗೆಯಲಾಗುವುದು. ಐದು ಸಾಲು, ಅದೂ ತೀರಾ ನೀರಸವಾದವು. 17 ವರ್ಷದ ಹುಡುಗನಿಗೆ ಅಂದು ಅದರಿಂದ ಅವಮಾನವಾಗುತ್ತಿತ್ತು, ಬಹುಶಃ ಒಂದೆರಡು ಆಹ್ವಾನಗಳೂ ತಪ್ಪುತ್ತಿದ್ದವು. 2022ರ ಸೆಪ್ಟೆಂಬರ್ 5ರಂದು ಮಾತ್ರ ಆ ತುಣುಕನ್ನು ನೋಡಿದವರಿಗೆ ಪಿಸುಗುಟ್ಟಲು ಹೊಸದೇನೂ ಸಿಗುತ್ತಿರಲಿಲ್ಲ.